ಓಡಿಸುವ ಮೊದಲು ನಿಲ್ಲಿಸಲು ಕಲಿಸಿ

ಸೈಕಲ್ ಕಲಿಸುವ ಅಪ್ಪಯ್ಯಂದಿರು ತಲೆಮಾರುಗಳಿಂದ ಹೇಳಿಕೊಂಡು ಬಂದ ಒಂದು ಸುಳ್ಳಿದೆ: ‘ಹಿಡ್ಕಂಡಿದ್ದೆ ಮಗಾ, ಹೆದ್ರಬೇಡ.’ ಈ ಮಾತು ಹೇಳುವ ಹೊತ್ತಿಗೆ ಕೈ ಬಿಟ್ಟು ಆಗಿರುತ್ತದೆ. ಧೈರ್ಯದ ಮಕ್ಕಳ ಮಟ್ಟಿಗೆ ಈ ಉಪಾಯ ನಡೆಯುತ್ತದೆ. ಅವರು ಅಷ್ಟು ದೂರ ಹೋಗಿ, ಗೊತ್ತಾದ ಮೇಲೆ ಬಿದ್ದು, ನಕ್ಕು ಎದ್ದು ಬರುತ್ತಾರೆ. ಹೆದರುವ ಮಗುವಿನ ಕಥೆ ಬೇರೆ. ದನಿ ದೂರದಿಂದ ಬಂದದ್ದು ಅದಕ್ಕೆ ತಕ್ಷಣ ತಿಳಿಯುತ್ತದೆ. ಹಿಂತಿರುಗಿ ನೋಡುತ್ತದೆ, ತಲೆಯ ಜೊತೆಗೆ ಹ್ಯಾಂಡಲೂ ತಿರುಗುತ್ತದೆ, ಬೀಳುತ್ತದೆ. ಮೊಣಕಾಲಿನ ತರಚು ಗಾಯ ವಾರದಲ್ಲಿ ಒಣಗುತ್ತದೆ. ಆದರೆ ಮಾರನೇ ದಿನ ಸೈಕಲ್ ಹೊರಗೆ ತಂದರೆ ಮಗು ಒಳಗೆ ಓಡುತ್ತದೆ, ಏಕೆಂದರೆ ಈಗ ಅದಕ್ಕೆ ಸೈಕಲಿನ ಮೇಲೂ ನಂಬಿಕೆಯಿಲ್ಲ, ನಿಮ್ಮ ಮೇಲೂ ಇಲ್ಲ.

ಹೆದರುವ ಮಗುವಿಗೆ ಸೈಕಲ್ ಕಲಿಸುವ ಕೆಲಸದಲ್ಲಿ ಶಕ್ತಿ, ಓಟ, ಬೆನ್ನುನೋವು ಎಲ್ಲವೂ ಆಮೇಲಿನ ಮಾತು. ಮೊದಲು ಬೇಕಾದದ್ದು, ಯಾವ ಕ್ಷಣದಲ್ಲಿ ಬೇಕಾದರೂ ತಾನು ಇದನ್ನು ನಿಲ್ಲಿಸಬಲ್ಲೆ ಎಂಬ ಖಾತ್ರಿ ಆ ಮಗುವಿಗೆ ಸಿಗುವುದು. ನಾವು ಕಲಿಸುವ ಕ್ರಮ ಮಾತ್ರ ತದ್ವಿರುದ್ಧ. ಮೊದಲ ದಿನವೇ ಸೀಟಿಗೆ ಹತ್ತಿಸಿ, ‘ಪೆಡಲ್ ತುಳಿ, ತುಳಿ’ ಎಂದು ಬೊಬ್ಬೆ ಹೊಡೆದು ನೂಕುತ್ತೇವೆ. ಬ್ರೇಕ್ ವಿಷಯ ನೆನಪಾಗುವುದು ಎದುರಿಗೆ ಕಾಂಪೌಂಡ್ ಗೋಡೆ ಬಂದಾಗ.

ಶುರು ಮಾಡುವ ಮೊದಲು ಮಗುವಿಗೆ ಯಾವುದರ ಹೆದರಿಕೆ ಎಂದು ಕೇಳಿ ನೋಡಿ. ‘ನಂಗ್ ಹೆದ್ರಿಕಿ ಆತ್ತ್’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಹೆದರಿಕೆಗಳು ಇರುತ್ತವೆ. ಕೆಲವರಿಗೆ ನೋವಾಗುತ್ತದೆ ಎಂಬ ಹೆದರಿಕೆ. ಅವರಿಗೆ ಹೆಲ್ಮೆಟ್ಟು, ಮೊಣಕಾಲಿನ ಪ್ಯಾಡು, ಉದ್ದ ಪ್ಯಾಂಟು ಕೊಟ್ಟರೆ ಅರ್ಧ ಸಮಾಧಾನ. ಕೆಲವರಿಗೆ ವೇಗದ ಹೆದರಿಕೆ, ‘ಅದೇ ಓಡಿಕೊಂಡು ಹೋಗುತ್ತದೆ’ ಎನ್ನುತ್ತಾರೆ; ಅವರಿಗೆ ಬ್ರೇಕು ಕೈವಶವಾಗಬೇಕು. ಇನ್ನು ಕೆಲವರಿಗೆ ಬೀಳುವುದು ದೊಡ್ಡ ಸಂಗತಿಯೇ ಅಲ್ಲ, ಬಿದ್ದದ್ದನ್ನು ನೋಡಿ ನಗುತ್ತಾರಲ್ಲ, ಅದೇ ಕಷ್ಟ. ನಮ್ಮ ಕಡೆ ಒಂದು ಮಗು ಅಂಗಳದಲ್ಲಿ ಸೈಕಲ್ ಹಿಡಿದರೆ ಜಗಲಿಯಲ್ಲಿ ಅಜ್ಜಯ್ಯ, ಬಾಗಿಲಲ್ಲಿ ಚಿಕ್ಕಮ್ಮ, ದರೆಯಾಚೆ ಪಕ್ಕದ ಮನೆಯವರು, ಮೊಬೈಲ್ ಹಿಡಿದುಕೊಂಡು ಮಾವ. ಎಲ್ಲರದ್ದೂ ಒಂದೊಂದು ಸಲಹೆ. ಈ ಮಗುವಿಗೆ ಪ್ಯಾಡು ಕಟ್ಟಿ ಪ್ರಯೋಜನವಿಲ್ಲ. ಸಭೆಯನ್ನು ಒಳಗೆ ಕಳಿಸಿ, ಇಲ್ಲವೇ ಮಗುವನ್ನು ಬೇರೆ ಜಾಗಕ್ಕೆ ಕರೆದುಕೊಂಡು ಹೋಗಿ. ವಿಡಿಯೊ ಆಮೇಲೆ ಮಾಡಿದರಾಯಿತು.

ಸಾಲಿಗ್ರಾಮದವರಿಗೆ ಈ ಸಭೆಯ ಹೆದರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ 1970ರ ದಶಕದಲ್ಲಿ ಕಟ್ಟಿದ ಯಕ್ಷಗಾನದ ಮಕ್ಕಳ ಮೇಳ ಇಲ್ಲಿನದೇ. ಎದುರಿಗೆ ಜನ ಕುಳಿತರೆ ಬಾಯಿ ಒಣಗುವ ವಯಸ್ಸಿನ ಮಕ್ಕಳಿಗೆ ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಬಿಟ್ಟ ಊರು ಇದು. ಯಕ್ಷಗಾನದಲ್ಲಿ ಹೊಸಬನಿಗೆ ಮೊದಲ ದಿನವೇ ಕರ್ಣನ ವೇಷ ಯಾರೂ ಕೊಡುವುದಿಲ್ಲ. ಕೋಡಂಗಿ, ಬಾಲಗೋಪಾಲ ಎಂದು ಪೂರ್ವರಂಗದಲ್ಲಿ ಕುಣಿದು, ತಾಳ ಕಾಲಿಗೆ ಹತ್ತಿದ ಮೇಲೆ ಮಾತು, ಮಾತು ಬಂದ ಮೇಲೆ ದೊಡ್ಡ ವೇಷ. ಸೈಕಲ್ಲಿಗೂ ಅದೇ ಕ್ರಮ ಸಾಕು: ಬ್ರೇಕು, ಸಮತೋಲ, ತಿರುವು, ಪೆಡಲು, ಇವನ್ನೆಲ್ಲ ಒಂದೇ ದಿನ ಒಟ್ಟಿಗೆ ಹೇರಬೇಡಿ.

ಸೈಕಲ್ ದೊಡ್ಡದಾಯಿತೇ?

ಹೆದರಿಕೆಯ ಎಷ್ಟೋ ಪಾಲು ಮಗುವಿನಲ್ಲಿ ಇರುವುದಿಲ್ಲ, ಅಂಗಡಿಯಿಂದ ತಂದ ಸೈಕಲ್ಲಿನಲ್ಲಿ ಇರುತ್ತದೆ. ‘ಹೇಗೂ ಬೆಳೀತಾನಲ್ಲ’ ಎಂದು ಒಂದು ಅಳತೆ ದೊಡ್ಡದು ತರುವುದು ನಮ್ಮ ಹಳೆಯ ಚಟ. ಯೂನಿಫಾರ್ಮಿನ ತೋಳು ಉದ್ದವಾದರೆ ಮಡಿಸಿಕೊಳ್ಳಬಹುದು, ಸೈಕಲನ್ನು ಮಡಿಸಲು ಬರುವುದಿಲ್ಲ. ಸೀಟನ್ನು ಪೂರ್ತಿ ಇಳಿಸಿ ಕುಳಿತಾಗ ಎರಡೂ ಪಾದಗಳು ಹಿಮ್ಮಡಿ ಸಮೇತ ನೆಲಕ್ಕೆ ಊರಬೇಕು. ತುದಿಬೆರಳು ಮಾತ್ರ ತಾಗುತ್ತದೆ ಎಂದಾದರೆ ಕಲಿಯುವ ಸೈಕಲ್ ಅದಲ್ಲ. ಅಂದಾಜಿಗೆ ಹೇಳುವುದಾದರೆ ನಾಲ್ಕರಿಂದ ಆರು ವರ್ಷದವರಿಗೆ 16 ಇಂಚಿನ ಚಕ್ರ, ಆರರಿಂದ ಒಂಬತ್ತರವರೆಗೆ 20 ಇಂಚು, ಆಮೇಲೆ 24. ಆದರೆ ವಯಸ್ಸಿಗಿಂತ ಕಾಲಿನ ಉದ್ದ ಮುಖ್ಯ. ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಉಡುಗೊರೆ ಗುಟ್ಟಾಗಿರಬೇಕೆಂಬ ಆಸೆಯನ್ನು ಇದೊಂದು ವಿಷಯದಲ್ಲಿ ಬಿಟ್ಟುಬಿಡಿ.

ಕಲಿಯಲು ಹೊಸ ಸೈಕಲ್ಲೇ ಆಗಬೇಕೆಂದಿಲ್ಲ. ದೊಡ್ಡಪ್ಪನ ಮಗಳು ಓಡಿಸಿ ಬಿಟ್ಟದ್ದು ಅಟ್ಟದಲ್ಲಿದ್ದರೆ ಇನ್ನೂ ಒಳ್ಳೆಯದು, ಬಣ್ಣ ಹೋದೀತು ಎಂಬ ಚಿಂತೆ ಯಾರಿಗೂ ಇರುವುದಿಲ್ಲ. ಆದರೆ ಕರಾವಳಿಯ ಅಟ್ಟದಿಂದ ಇಳಿದ ಸೈಕಲ್ಲಿನ ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ಮಗುವಿನ ಬೆರಳಿಗೆ ಅಷ್ಟು ಶಕ್ತಿ ಇಲ್ಲ. ರಿಪೇರಿ ಅಂಗಡಿಯಲ್ಲಿ ಹೊಸ ಕೇಬಲ್ ಹಾಕಿಸಿ, ಲಿವರ್ ಹ್ಯಾಂಡಲಿನ ಹಿಡಿಗೆ ಹತ್ತಿರ ಬರುವಂತೆ ಅದರ ಸ್ಕ್ರೂ ಸರಿ ಮಾಡಿಸಿ. ಎರಡು ಬೆರಳಲ್ಲಿ ಒತ್ತಿದರೆ ಚಕ್ರ ನಿಲ್ಲಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ ಇರುತ್ತದೆ. ಚಕ್ರವನ್ನು ಎತ್ತಿ ತಿರುಗಿಸಿ ನೀವೇ ಖಚಿತ ಮಾಡಿಕೊಳ್ಳಿ. ಟಯರಿನ ಪಕ್ಕದಲ್ಲೇ ಎಷ್ಟು ಗಾಳಿ ಎಂದು ಬರೆದಿರುತ್ತದೆ, ಅಷ್ಟು ಹಾಕಿಸಿ. ಬುಟ್ಟಿ, ಹಿಂದಿನ ಕ್ಯಾರಿಯರ್, ಹ್ಯಾಂಡಲಿನ ತುದಿಯಲ್ಲಿ ನೇತಾಡುವ ರಿಬ್ಬನ್ನು ಎಲ್ಲ ಸದ್ಯಕ್ಕೆ ತೆಗೆದಿಡಿ. ಬೆಲ್ ಇರಲಿ. ಹೆದರುವ ಮಗುವಿಗೆ ತಾನು ಮಾಡಿದ್ದಕ್ಕೆ ತಕ್ಷಣ ಉತ್ತರ ಕೊಡುವ ಭಾಗ ಅದೊಂದೇ.

ಪಕ್ಕದಲ್ಲಿ ಜೋಡಿಸುವ ಪುಟ್ಟ ಚಕ್ರಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ಅವುಗಳಿಂದ ಮಗು ಪೆಡಲ್ ತುಳಿಯಲು ಕಲಿಯುತ್ತದೆ, ಅಷ್ಟೇ. ಸೈಕಲ್ ಕಲಿಯುವುದೆಂದರೆ ವಾಲುವುದನ್ನು ಕಲಿಯುವುದು. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲನ್ನು ಎಡಕ್ಕೇ ಒಂಚೂರು ತಿರುಗಿಸಬೇಕು, ಆಗ ಚಕ್ರಗಳು ಮತ್ತೆ ಮೈಭಾರದ ಅಡಿಗೆ ಬರುತ್ತವೆ. ದೊಡ್ಡವರೂ ಇದನ್ನು ಯೋಚಿಸಿ ಮಾಡುವುದಿಲ್ಲ, ಮೈ ತಾನಾಗಿ ಮಾಡುತ್ತದೆ. ಪಕ್ಕದ ಚಕ್ರ ಇರುವ ಸೈಕಲ್ ವಾಲುವುದೇ ಇಲ್ಲ. ತಿರುವಿನಲ್ಲಿ ಮಗು ಮೂರು ಚಕ್ರದ ಗಾಡಿಯಂತೆ ಹೊರಗಡೆಗೆ ಜೋತು ಬೀಳುತ್ತದೆ. ಆ ಅಭ್ಯಾಸವನ್ನು ಬಿಡಿಸುವುದು ಮತ್ತೊಂದು ಕೆಲಸ. ಈಗಾಗಲೇ ಹಾಕಿಸಿದ್ದರೆ ಪಶ್ಚಾತ್ತಾಪ ಬೇಡ, ಬಿಚ್ಚಿಟ್ಟರಾಯಿತು. ಅದರ ಜೊತೆಗೆ ಪೆಡಲನ್ನೂ ಬಿಚ್ಚಿ.

ಹೌದು, ಪೆಡಲನ್ನೇ. ಕೇಳಿದವರು ನಗುತ್ತಾರೆ. ಆದರೆ ಸೈಕಲ್ಲಿನ ಚರಿತ್ರೆ ಶುರುವಾದದ್ದೇ ಹಾಗೆ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಓಡಿಸಿ ತೋರಿಸಿದ ಎರಡು ಚಕ್ರದ ಮರದ ಗಾಡಿಗೆ ಪೆಡಲ್ ಇರಲಿಲ್ಲ. ಕುಳಿತು, ಕಾಲಿನಿಂದ ನೆಲ ಒದ್ದು ಜಾರಿಕೊಂಡು ಹೋಗುವುದು. ಮುಂದಿನ ಚಕ್ರಕ್ಕೆ ಪೆಡಲ್ ಬಂದದ್ದು ಸುಮಾರು ನಲವತ್ತೈದು ವರ್ಷ ಕಳೆದ ಮೇಲೆ, 1860ರ ದಶಕದ ಪ್ಯಾರಿಸ್ಸಿನಲ್ಲಿ. ಎರಡು ಚಕ್ರದ ಮೇಲೆ ಸಮತೋಲ ಸಾಧ್ಯ ಎಂದು ಮನುಷ್ಯರಿಗೆ ಮನವರಿಕೆಯಾದದ್ದು ಕಾಲು ನೆಲದ ಹತ್ತಿರ ಇದ್ದಾಗಲೇ. ನಿಮ್ಮ ಮಗುವಿಗೂ ಅಷ್ಟೇ.

ಬಿಚ್ಚಲು 15 ಮಿ.ಮೀ. ಸ್ಪ್ಯಾನರ್ ಸಾಕು, ಆದರೆ ಒಂದು ಎಚ್ಚರ. ಚೈನ್ ಇರುವ ಬಲಬದಿಯ ಪೆಡಲ್ ಎಲ್ಲ ನಟ್ಟುಗಳಂತೆ ಗಡಿಯಾರಕ್ಕೆ ವಿರುದ್ಧವಾಗಿ ಬಿಚ್ಚುತ್ತದೆ. ಎಡಬದಿಯದು ತಿರುಗುಮುರುಗು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲ. ನೆನಪಿಡಲು ಸುಲಭದ ದಾರಿ: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿ ನಿಲ್ಲುವಂತೆ ಕಚ್ಚಿಸಿ, ಎರಡೂ ಬದಿಯಲ್ಲಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತದೆ, ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಗಿಯುತ್ತದೆ. ಬರದಿದ್ದರೆ ಜಗ್ಗಾಡಿ ಮರೆ ಸವೆಸಬೇಡಿ, ರಿಪೇರಿಯವರ ಹತ್ತಿರ ತೆಗೆಸಿ.

ಎಲ್ಲಿ ಕಲಿಸುವುದು

ಸಾಲಿಗ್ರಾಮ ಪೇಟೆಯನ್ನು ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 66 ಹೋಗುತ್ತದೆ. ಗುರುನರಸಿಂಹ ದೇವಸ್ಥಾನಕ್ಕೆ ಬರುವ ವಾಹನ, ಕುಂದಾಪುರ–ಉಡುಪಿ ಬಸ್ಸುಗಳ ಪೈಪೋಟಿ, ತಿರುವು ದೂರ ಎಂದು ಎದುರು ದಿಕ್ಕಿನಲ್ಲೇ ನುಗ್ಗುವ ಸ್ಕೂಟರುಗಳು. ಹೆದ್ದಾರಿಯಾಗಲಿ ಅದರ ಪಕ್ಕದ ಸರ್ವಿಸ್ ರಸ್ತೆಯಾಗಲಿ ಕಲಿಯುವ ಜಾಗವೇ ಅಲ್ಲ. ಹಾಗೆಂದು ಮನೆಯಂಗಳ ಎಲ್ಲರಿಗೂ ಒದಗುವುದಿಲ್ಲ. ತೆಂಗಿನಮರದ ಕಟ್ಟೆ, ತುಳಸಿಕಟ್ಟೆ, ಬಾವಿ, ದನದ ಕೊಟ್ಟಿಗೆ ಎಲ್ಲ ಹತ್ತು ಹೆಜ್ಜೆಗೊಂದು. ಹೆದರಿದ ಮಗು ಯಾವುದನ್ನು ನೋಡುತ್ತದೋ ಅಲ್ಲಿಗೇ ಸೈಕಲ್ ಹೋಗುತ್ತದೆ. ‘ತುಳಸಿಕಟ್ಟೆಗೆ ಹೊಡೀಬೇಡ’ ಎಂದಿರೋ, ಅದು ನೇರ ತುಳಸಿಕಟ್ಟೆಗೇ. ಎಲ್ಲಿಗೆ ಹೋಗಬೇಕೋ ಅದನ್ನು ಮಾತ್ರ ಹೇಳಿ.

ಮಣ್ಣು ನೋಡಿಕೊಳ್ಳಬೇಕು. ಸಮುದ್ರದ ಬದಿಗೆ ಹೋದಷ್ಟೂ ನೆಲ ಹೊಯ್ಗೆ, ಮುಂದಿನ ಚಕ್ರ ಹೂತು ಹ್ಯಾಂಡಲ್ ತಾನಾಗಿ ತಿರುಗಿಬಿಡುತ್ತದೆ. ‘ಹೊಯ್ಗೆ ಮೇಲೆ ಬಿದ್ದರೆ ಪೆಟ್ಟಾಗುವುದಿಲ್ಲ’ ಎನ್ನುವುದು ನಿಜ, ಆದರೆ ಅಲ್ಲಿ ಬೀಳುವುದನ್ನು ಬಿಟ್ಟು ಬೇರೇನೂ ಕಲಿಯಲಾಗುವುದಿಲ್ಲ. ಕೋಟ, ಪಡುಕರೆ ಕಡೆಯವರು ಇಳಿತದ ಹೊತ್ತಿನಲ್ಲಿ ಕಡಲತಡಿಯ ಒದ್ದೆ ಮರಳು ಗಟ್ಟಿಯಾಗಿರುತ್ತದೆ ಎಂದು ಅಲ್ಲಿ ಓಡಿಸುತ್ತಾರೆ. ಓಡಿಸಲು ಬರುವವರಿಗೆ ಅದು ಸೊಗಸು. ಕಲಿಯುವ ಮಗುವಿಗೆ ತೆರೆಯ ಮೇಲೊಂದು ಕಣ್ಣು, ದಾರಿಯ ಮೇಲೊಂದು ಕಣ್ಣು ಆಗುತ್ತದೆ. ಸೈಕಲ್ಲಿಗೆ ಉಪ್ಪುನೀರು ತಾಗಿದರೆ ಅದೇ ಸಂಜೆ ಸಿಹಿನೀರಿನಲ್ಲಿ ತೊಳೆದು ಒರೆಸಿ ಚೈನಿಗೆ ಎಣ್ಣೆ ಬಿಡಬೇಕು.

ಏಪ್ರಿಲ್–ಮೇ ರಜೆಯಲ್ಲಿ ಬೈಲು ಗದ್ದೆಗಳು ಖಾಲಿ. ಅಲ್ಲೂ ಆಯ್ಕೆ ಮಾಡಬೇಕು. ನೆಲಗಡಲೆ ಕಿತ್ತ ಗದ್ದೆಯ ಮಣ್ಣು ಸಡಿಲ, ಕೊಯ್ಲಿನ ಕೂಳೆ ಉಳಿದ ಗದ್ದೆಯಲ್ಲಿ ಸೈಕಲ್ ಕುಕ್ಕುತ್ತದೆ. ಹುಡುಗರು ಕ್ರಿಕೆಟ್ಟಿಗೆಂದು ಸಮ ಮಾಡಿ ತುಳಿದು ಗಟ್ಟಿ ಮಾಡಿದ ಗದ್ದೆ ಇರುತ್ತದಲ್ಲ, ಅದು ಮೊದಲ ದರ್ಜೆ. ಬೆಳಗ್ಗೆ ಎಂಟರೊಳಗೆ ಹೋದರೆ ಹುಡುಗರೂ ಇರುವುದಿಲ್ಲ, ಬಿಸಿಲೂ ಇಲ್ಲ. ಶಾಲೆಯ ಮೈದಾನವನ್ನು ರಜೆಯ ದಿನ ಕೇಳಿಕೊಂಡು ಬಳಸಬಹುದು. ಪಾರಂಪಳ್ಳಿ ಕಡೆ ಹಿನ್ನೀರಿನ ಪಕ್ಕದ ದಾರಿಗಳು ಚಂದ, ಕಾಯಕ್ ದೋಣಿ ನೋಡಲು ದೂರದವರು ಬರುತ್ತಾರೆ. ಆದರೆ ತಡೆಗೋಡೆ ಇಲ್ಲದ ನೀರಿನಂಚು ಕಲಿಯುವವರಿಗೆ ಬೇಡವೇ ಬೇಡ. ತೋಡು, ಕೆರೆ, ಕಟ್ಟೆಯಿಲ್ಲದ ಬಾವಿ ಇರುವಲ್ಲೂ ಬೇಡ. ತೆಂಗಿನ ತೋಟವೂ ಬೇಡ ಎಂದು ಕರಾವಳಿಯವರಿಗೆ ಹೇಳಬೇಕಾದ್ದಿಲ್ಲ, ಆದರೂ ಹೇಳಿಬಿಡುತ್ತೇನೆ: ಮೇಲಿಂದ ಬೀಳುವ ಕಾಯಿಗೆ ಹೆಲ್ಮೆಟ್ ಸಾಲದು.

ನೆಲ ಒಂದು ಬದಿಗೆ ತುಸುವೇ ಇಳಿಜಾರು ಇದ್ದರೆ ಅನುಕೂಲ. ಇಳಿದಾಗ ಸೈಕಲ್ ನಡಿಗೆಯ ವೇಗಕ್ಕಿಂತ ಸ್ವಲ್ಪ ಹೆಚ್ಚು ಹೋಗಿ, ಕೊನೆಗೆ ತಾನಾಗಿಯೇ ನಿಲ್ಲುವಂತಿರಬೇಕು. ಅದಕ್ಕಿಂತ ಹೆಚ್ಚಿನ ಇಳುಕಲು ಬೇಡ.

ಕಲಿಸುವ ದಿನಗಳು

ಮೊದಲ ದಿನ ಸೀಟಿನ ಮೇಲೆ ಕೂರುವುದೇ ಬೇಡ. ಸೈಕಲನ್ನು ಪಕ್ಕದಲ್ಲಿ ಹಿಡಿದು ತಳ್ಳಿಕೊಂಡು ನಡೆಯಲಿ. ನೀವು ‘ನಿಲ್ಸ್’ ಎಂದಾಗ ಬ್ರೇಕ್ ಹಿಡಿದು ನಿಲ್ಲಿಸಲಿ. ಆಮೇಲೆ ‘ನಿಲ್ಸ್’ ಹೇಳುವ ಅಧಿಕಾರ ಮಗುವಿಗೆ, ಸೈಕಲ್ ತಳ್ಳುವ ಕೆಲಸ ನಿಮಗೆ. ಇದು ಆಟವಾಗಿಬಿಟ್ಟರೆ ಗೆದ್ದಿರಿ. ಸೈಕಲನ್ನು ಬೇಕೆಂದೇ ನಿಧಾನ ಮಗ್ಗುಲಿಗೆ ಮಲಗಿಸುವುದು, ಎತ್ತಿ ನಿಲ್ಲಿಸುವುದು, ಕಾಲು ಸಿಕ್ಕಿಕೊಳ್ಳದಂತೆ ಅದರಿಂದ ಆಚೆ ಹಾರಿಕೊಳ್ಳುವುದು, ಇವನ್ನೂ ಮಾಡಿಸಿ. ಬಿದ್ದ ಸೈಕಲ್ ಎತ್ತಲು ಬರುವ ಮಗುವಿಗೆ ಬೀಳುವುದೂ ಗೊತ್ತಿರುವ ಸಂಗತಿಯಾಗುತ್ತದೆ.

ಮುಂದಿನ ಹಂತದಲ್ಲಿ ಸೀಟಿನಲ್ಲಿ ಕುಳಿತು, ಪೆಡಲ್ ಇಲ್ಲದ ಸೈಕಲನ್ನು ಕಾಲಿನಿಂದ ನಡೆಸುವುದು. ನಡಿಗೆ ದೊಡ್ಡ ಹೆಜ್ಜೆಯಾಗುತ್ತದೆ, ಹೆಜ್ಜೆ ಜಿಗಿತವಾಗುತ್ತದೆ, ಎರಡು ಜಿಗಿತದ ನಡುವೆ ಕಾಲು ಗಾಳಿಯಲ್ಲಿ ಉಳಿಯುವ ಹೊತ್ತು ಉದ್ದವಾಗುತ್ತದೆ. ನೀವು ಇಲ್ಲಿ ಮಾಡಬೇಕಾದದ್ದು ಬಹಳ ಕಡಿಮೆ. ಪಕ್ಕದಲ್ಲಿ ನಡೆಯಿರಿ, ಕೈ ಹಾಕಬೇಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಅದೂ ‘ಮುಂದ್ ಕಾಣ್’ ಎಂಬುದು. ನೋಟ ಕೆಳಗೆ, ಚಕ್ರದ ಮೇಲೆ ಇದ್ದರೆ ಸಮತೋಲ ಬರುವುದಿಲ್ಲ. ಗದ್ದೆಯ ಆಚೆ ಅಂಚಿನಲ್ಲಿ ನೀವೇ ನಿಂತು, ಕೈಬೆರಳು ಎಷ್ಟು ತೋರಿಸುತ್ತಿದ್ದೀರಿ ಎಂದು ಕೇಳಿ. ಎಣಿಸಬೇಕಾದರೆ ತಲೆ ಎತ್ತಲೇಬೇಕು. ಕೆಲವು ಮಕ್ಕಳು ಒಂದೇ ಬೆಳಿಗ್ಗೆ ಜಾರುವುದನ್ನು ಕಲಿಯುತ್ತಾರೆ, ಕೆಲವರಿಗೆ ಎರಡು ವಾರ ಬೇಕು. ಎರಡು ವಾರ ತೆಗೆದುಕೊಂಡವರು ಕೆಟ್ಟ ಸವಾರರಾಗುವುದಿಲ್ಲ, ಸಾಮಾನ್ಯವಾಗಿ ಬ್ರೇಕನ್ನು ಚೆನ್ನಾಗಿ ಬಳಸುವವರು ಅವರೇ.

ಜಾರುತ್ತಾ ಹೋಗಿ ಕಾಲು ಊರದೆ ಬ್ರೇಕಿನಿಂದಲೇ ನಿಲ್ಲಿಸಿ, ನಿಂತ ಮೇಲೆ ಕಾಲು ಊರುವುದು ಬಂದಿದೆಯೇ ನೋಡಿ. ನೆಲದ ಮೇಲೆ ಒಂದು ಹಗ್ಗ ಹಾಸಿ, ‘ಇದರ ಮುಂಚೆ ನಿಲ್ಲಿಸು’ ಎನ್ನಿ. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಒತ್ತಲು ಹೇಳಿಕೊಡಿ. ಮುಂದಿನದೊಂದನ್ನೇ ಗಬಕ್ಕನೆ ಹಿಡಿದರೆ ಮುಗ್ಗರಿಸುತ್ತದೆ. ಹಗ್ಗದ ಮುಂಚೆ ನಿಲ್ಲಿಸಲು ಬಂದ ದಿನವೇ ಮಗುವಿನ ಮುಖ ಬೇರೆಯಾಗುತ್ತದೆ. ಅಲ್ಲಿಯವರೆಗೆ ಪೆಡಲ್ ಮರಳಿ ಹಾಕಬೇಡಿ, ಅಜ್ಜಯ್ಯ ಎಷ್ಟೇ ಅವಸರ ಮಾಡಲಿ.

ಪೆಡಲ್ ಹಾಕಿದ ಮೇಲೆ ಕಷ್ಟವಿರುವುದು ಹೊರಡುವ ಕ್ಷಣದಲ್ಲಿ ಮಾತ್ರ. ಒಂದು ಪೆಡಲನ್ನು ಮೇಲೆ, ತುಸು ಮುಂದಕ್ಕೆ ತಂದಿಡಿ. ಬಲಬದಿಯಿಂದ ನೋಡಿದರೆ ಗಡಿಯಾರದ ಮುಳ್ಳು ಎರಡು ಗಂಟೆ ತೋರಿಸುವಷ್ಟು. ಆ ಕಾಲು ಒತ್ತಿದಾಗ ಸಿಗುವ ಒಂದು ನೂಕಿಗೇ ಸೈಕಲ್ ಬೀಳದೆ ಸಾಗುವಷ್ಟು ವೇಗ ಬರುತ್ತದೆ. ನಿಧಾನವಾಗಿ ಹೋದರೆ ಸುರಕ್ಷಿತ ಎಂದು ಹೆದರುವವರು ಭಾವಿಸುತ್ತಾರೆ. ತೀರಾ ನಿಧಾನವಾದರೆ ಸೈಕಲ್ ಹೆಚ್ಚು ಓಲಾಡುತ್ತದೆ ಎಂಬುದನ್ನು ಜಾರುವಾಗಲೇ ಅವರ ಮೈ ಕಂಡುಕೊಂಡಿರುತ್ತದೆ, ಹಾಗಾಗಿ ಇಲ್ಲಿ ಭಾಷಣ ಬೇಡ.

ಹಿಡಿದುಕೊಳ್ಳಲೇಬೇಕಾದರೆ ಮಗುವನ್ನು ಹಿಡಿಯಿರಿ, ಸೈಕಲನ್ನಲ್ಲ. ಹ್ಯಾಂಡಲ್ ಅಥವಾ ಸೀಟು ಹಿಡಿದರೆ ಸಮತೋಲ ಮಾಡುವವರು ನೀವಾಗುತ್ತೀರಿ, ಮಗು ಬರಿ ಸಾಮಾನಿನಂತೆ ಕುಳಿತಿರುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ ಅಥವಾ ಎರಡೂ ಕಂಕುಳ ಕೆಳಗೆ ಹಗುರವಾಗಿ ಕೈಯಿಡಿ. ಬಿಡುವಾಗ ಹೇಳಿ ಬಿಡಿ: ‘ಈಗ ಬಿಡ್ತೆ, ಆತಾ?’ ಬೇಡ ಎಂದರೆ ಬಿಡಬೇಡಿ. ಇನ್ನೂ ಒಳ್ಳೆಯದು, ಬಿಡು ಎನ್ನುವ ಮಾತನ್ನು ಮಗುವೇ ಹೇಳುವಂತೆ ಮಾಡಿ. ಕೆಲವೊಮ್ಮೆ ಆ ಮಾತು ಬರಲು ದಿನ ಹಿಡಿಯುತ್ತದೆ. ಕಾದರೆ ನಷ್ಟವೇನೂ ಇಲ್ಲ.

ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ನಮ್ಮ ಸೆಖೆಗೆ ಅದೇ ಹೆಚ್ಚು. ಚೆನ್ನಾಗಿ ಬಂದಾಗಲೇ ನಿಲ್ಲಿಸಿ, ‘ಇನ್ನೊಂದೇ ಸಲ’ ಎಂದು ಎಳೆದರೆ ಆ ಕೊನೆಯ ಸಲವೇ ಬೀಳುವುದು. ನಿನ್ನೆ ಬಾರದ್ದು ಇವತ್ತು ಬೆಳಿಗ್ಗೆ ತಾನಾಗಿ ಬಂತು ಎಂದು ಮಕ್ಕಳು ಹೇಳುತ್ತಾರೆ. ಅದರಲ್ಲಿ ಅಚ್ಚರಿಯಿಲ್ಲ, ಕೈಕಾಲಿನ ಕಲಿಕೆ ನಿದ್ದೆಯಲ್ಲಿ ಗಟ್ಟಿಯಾಗುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಲಿತವರ ಉದಾಹರಣೆ ಬೇಕೆಂದರೆ, ಅಮೆರಿಕದ ಸಮಾಜ ಸುಧಾರಕಿ ಫ್ರಾನ್ಸಿಸ್ ವಿಲ್ಲರ್ಡ್ ಐವತ್ತಮೂರನೆಯ ವಯಸ್ಸಿನಲ್ಲಿ ಸೈಕಲ್ ಕಲಿತಾಕೆ. 1895ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆಕೆ ದಿನಕ್ಕೆ ಸುಮಾರು ಕಾಲು ಗಂಟೆಯಂತೆ ಮೂರು ತಿಂಗಳು ಅಭ್ಯಾಸ ಮಾಡಿದರು. ಸೈಕಲ್ಲಿಗೆ ‘ಗ್ಲಾಡಿಸ್’ ಎಂದು ಹೆಸರನ್ನೂ ಇಟ್ಟಿದ್ದರು. ನಿಮ್ಮ ಮನೆಯ ಮಗುವೂ ಸೈಕಲ್ಲಿಗೊಂದು ಹೆಸರಿಟ್ಟರೆ ತಮಾಷೆ ಮಾಡಬೇಡಿ.

ಬೇಡದ ಮಾತುಗಳ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದೇ: ‘ಪುಕ್ಕಲ’, ‘ಪಕ್ಕದ ಮನೆ ಹೆಣ್ಣ್ ಕಾಣ್, ನಿನಗಿಂತ ಸಣ್ಣದು’, ‘ಇಷ್ಟು ದುಡ್ಡು ಕೊಟ್ಟು ತಂದಿದ್ದು ಯಾಕೆ’. ‘ಎಂತ ಆತಿಲ್ಲ’ ಎನ್ನುವುದೂ ಅಷ್ಟೇನೂ ಒಳ್ಳೆಯ ಮಾತಲ್ಲ. ಏನಾದರೂ ಆಗಿಯೇ ಆಗುತ್ತದೆ, ಆಗ ನಿಮ್ಮ ಮಾತು ಸುಳ್ಳಾಗುತ್ತದೆ. ‘ಬಿದ್ದರೂ ಬೀಳಬಹುದು, ಬಿದ್ದರೆ ತೊಳೆದು ಔಷಧಿ ಹಚ್ಚುವ’ ಎನ್ನಿ.

ಬಿದ್ದಾಗ ಮಾಡಬೇಕಾದದ್ದೂ ಅಷ್ಟೇ. ತರಚಿದ ಗಾಯವನ್ನು ನಲ್ಲಿ ನೀರು, ಸೋಪಿನಿಂದ ಮಣ್ಣು ಹೋಗುವ ತನಕ ತೊಳೆಯಿರಿ. ಕಾಫಿಪುಡಿ, ಅರಿಸಿನ, ಜೇಡನ ಬಲೆ ಒತ್ತಬೇಡಿ. ಗದ್ದೆಯಲ್ಲಿ ಸೆಗಣಿ ಗೊಬ್ಬರ ಬಿದ್ದಿರುತ್ತದೆ, ಆದ್ದರಿಂದ ಧನುರ್ವಾಯು ಚುಚ್ಚುಮದ್ದಿನ ಕಾರ್ಡ್ ತೆಗೆದು ನೋಡಿಕೊಳ್ಳಿ. ಐದು–ಆರು ವರ್ಷದ್ದು, ಹತ್ತನೆಯ ವರ್ಷದ್ದು ಹಾಕಿಸಿರಬೇಕು. ಮಣಿಕಟ್ಟು ಊದಿಕೊಂಡು ಮಗು ಕೈ ಬಳಸಲು ಒಪ್ಪದಿದ್ದರೆ ಎಣ್ಣೆ ತಿಕ್ಕುವ ಬದಲು ಎಕ್ಸ್‌ರೇ ತೆಗೆಸಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತೊದಲು ಕಂಡರೆ ತಡ ಮಾಡದೆ ಆಸ್ಪತ್ರೆಗೆ. ಹೆಲ್ಮೆಟ್ ಇದ್ದರೆ ಸಾಲದು, ಹುಬ್ಬಿನ ಮೇಲೆ ಎರಡು ಬೆರಳಿನಷ್ಟೇ ಜಾಗ ಬಿಟ್ಟು ನೇರ ಕೂರಬೇಕು; ಗಲ್ಲದ ಪಟ್ಟಿ ಮತ್ತು ಚರ್ಮದ ನಡುವೆ ಒಂದು ಬೆರಳು ತೂರಿದರೆ ಸರಿ. ಹವಾಯಿ ಚಪ್ಪಲಿ, ಉದ್ದ ಲಂಗ, ಜೋತಾಡುವ ದುಪಟ್ಟಾ ಸೈಕಲ್ಲಿಗೆ ಆಗದು.

ದೊಡ್ಡ ಮಕ್ಕಳ ನಾಚಿಕೆ

ಹತ್ತು ದಾಟಿದ ಮೇಲೂ ಸೈಕಲ್ ಬಾರದ ಮಕ್ಕಳು ನಾವು ಅಂದುಕೊಂಡಷ್ಟು ಕಡಿಮೆಯಿಲ್ಲ. ಹಿಂದೆ ಬಾಡಿಗೆ ಸೈಕಲ್ ಅಂಗಡಿಯಿಂದ ಗಂಟೆ ಲೆಕ್ಕದಲ್ಲಿ ತಂದು, ದೊಡ್ಡವರ ಸೈಕಲ್ಲಿನ ಬಾರಿನ ಕೆಳಗಿಂದ ಕಾಲು ತೂರಿಸಿ ಹುಡುಗರು ತಾವೇ ಕಲಿಯುತ್ತಿದ್ದರು. ಹುಡುಗಿಯರಿಗೆ ಆ ಅವಕಾಶವೂ ಕಡಿಮೆ ಇತ್ತು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಮುಂದೆ ಗಂಡುಮಕ್ಕಳಿಗೂ ಬಂತು, ಕೊರೊನಾ ಕಾಲದಲ್ಲಿ ನಿಂತಿತು. ಶಾಲೆಯಿಂದ ಸೈಕಲ್ ಸಿಕ್ಕಿತು, ಕಲಿಸುವವರು ಸಿಗಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಹೊಸ ಸೈಕಲನ್ನು ತಳ್ಳಿಕೊಂಡೇ ಮನೆಗೆ ಹೋದ ಹುಡುಗಿಗೆ ಬೀಳುವ ಹೆದರಿಕೆಗಿಂತ ನೋಡುವ ಕಣ್ಣುಗಳ ಹೆದರಿಕೆ ದೊಡ್ಡದು.

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆ ಇದಕ್ಕೊಂದು ದಾರಿ ತೋರಿಸಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಾಕ್ಷರತಾ ಆಂದೋಲನ, ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರ ಮುಂದಾಳುತನದಲ್ಲಿ, ಅಕ್ಷರದ ಜೊತೆಗೆ ಸೈಕಲನ್ನೂ ಸೇರಿಸಿಕೊಂಡಿತು. ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು, ಕಲಿತವರು ಕಲಿಯದವರಿಗೆ ಕಲಿಸಿದರು. ಅಲ್ಲಿ ಯಾರೂ ಒಬ್ಬಂಟಿಯಾಗಿ ಬೀಳಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಿಮ್ಮ ಓಣಿಯಲ್ಲಿ ಸೈಕಲ್ ಬಾರದ ಇನ್ನಿಬ್ಬರು ಇದ್ದರೆ ಒಟ್ಟಿಗೆ ಕರೆದುಕೊಂಡು ಹೋಗಿ. ದೊಡ್ಡ ಮಕ್ಕಳಿಗೂ ಕ್ರಮ ಒಂದೇ: ಸೀಟು ಪೂರ್ತಿ ಕೆಳಗೆ, ಪೆಡಲ್ ಇಲ್ಲ, ಮೊದಲು ಬ್ರೇಕು. ಅಮ್ಮನಿಗೂ ಬಾರದಿದ್ದರೆ ಅವರೂ ಸೇರಿಕೊಳ್ಳಲಿ. ಅಮ್ಮ ಓಲಾಡುವುದನ್ನು ನೋಡಿದ ಮಗುವಿಗೆ ತನ್ನದು ಅಷ್ಟು ದೊಡ್ಡ ಕೊರತೆ ಅನ್ನಿಸುವುದಿಲ್ಲ.

ತಿಂಗಳುಗಟ್ಟಲೆ ನಿಧಾನವಾಗಿ ಕಲಿಸಿದರೂ ಜಾರುವುದೇ ಬರಲಿಲ್ಲ, ಮೆಟ್ಟಿಲು ಇಳಿಯುವಾಗ, ಚೆಂಡು ಹಿಡಿಯುವಾಗಲೂ ಮಗು ತಡವರಿಸುತ್ತದೆ ಎಂದಾದರೆ ಕಣ್ಣು ಪರೀಕ್ಷೆ ಮಾಡಿಸಿ, ಮಕ್ಕಳ ವೈದ್ಯರಿಗೊಮ್ಮೆ ತೋರಿಸಿ. ಹಟ ಎಂದು ಬೈದು ಕೂರಬೇಡಿ.

ಗದ್ದೆಯಲ್ಲಿ ಬಂದದ್ದು ರಸ್ತೆಯಲ್ಲಿ ಬರುತ್ತದೆ ಎಂದು ತಿಳಿಯಬೇಡಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಎದುರಿಂದ ಬರುವ ವಾಹನದ ದೂರ, ವೇಗ ಎರಡನ್ನೂ ಒಟ್ಟಿಗೆ ಅಂದಾಜಿಸುವುದು ಕಷ್ಟ. ಅಲ್ಲಿಯವರೆಗೆ ಒಳರಸ್ತೆ ಮಾತ್ರ, ಜೊತೆಗೆ ದೊಡ್ಡವರು. ಚಿತ್ರಪಾಡಿ, ಕಾರ್ಕಡ, ಗುಂಡ್ಮಿ ಎಲ್ಲ ಕಡೆ ಇಂಥ ದಾರಿಗಳಿವೆ. ಮಗು ಎಡಬದಿಯಲ್ಲಿ ಮುಂದೆ ಹೋಗಲಿ, ನೀವು ಹಿಂದೆ ತುಸು ಬಲಕ್ಕೆ ಇರಿ. ದರೆಯ ತಿರುವಿನಲ್ಲಿ ಎದುರಿನ ವಾಹನ ಕಾಣುವುದಿಲ್ಲ, ಬೆಲ್ ಬಾರಿಸುವುದನ್ನು ಅಲ್ಲಿ ಕಡ್ಡಾಯ ಮಾಡಿ. ನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸದೆ ನಿಲ್ಲಿಸಿ ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯಲಿ. ಹೆದ್ದಾರಿ ದಾಟಬೇಕಾದರೆ ಸವಾರಿ ಬೇಡ, ಇಳಿದು ತಳ್ಳಿಕೊಂಡೇ ದಾಟುವುದು.

ಜೂನ್ ಮೊದಲ ಮಳೆ ಬಂದ ಕೂಡಲೇ ಗದ್ದೆ ಉಳುಮೆಗೆ ಹೋಗುತ್ತದೆ, ಅಂಗಳ ಪಾಚಿ ಹಿಡಿಯುತ್ತದೆ. ಅಷ್ಟರೊಳಗೆ ಕಲಿತು ಮುಗಿಯದಿದ್ದರೆ ದಸರಾ ರಜೆಗೆ ಮುಂದುವರಿಸಿದರಾಯಿತು. ಚೈನಿಗೆ ಎಣ್ಣೆ ಬಿಟ್ಟು, ಚಕ್ರ ನೆಲಕ್ಕೆ ತಾಗದಂತೆ ಸೈಕಲನ್ನು ಚಾವಡಿಯ ಮಾಡಿಗೆ ತೂಗುಹಾಕಿ. ಕೆಳಗಿಳಿಸಿದ ದಿನ ಮೊದಲು ಗಾಳಿ, ಆಮೇಲೆ ಎರಡೂ ಬ್ರೇಕು ನೋಡಿ, ಹಗ್ಗ ಹಾಸಿ ಅಲ್ಲಿಂದಲೇ ಶುರು ಮಾಡಿ.